ಆಡಕಿ ರಸ್ತೆಯಲ್ಲಿ ಏಳು ನಿಮಿಷ

ಹಾಸ್ಟೆಲ್‌ನಲ್ಲಿ ಮುಗಿಯದ ಜಗಳಗಳು ಕೆಲವು ಇರ್ತವೆ. ಮೆಸ್ ಊಟ ಯಾವ ಬ್ಲಾಕ್‌ದು ಚಲೋ, ಯಾವ ಬ್ರ್ಯಾಂಚ್‌ಗೆ ಪ್ಲೇಸ್‌ಮೆಂಟ್ ಜಾಸ್ತಿ, ಮತ್ತೆ ಡಾಂಬರು ರಸ್ತೆ ಮೇಲೆ ರೋಡ್ ಬೈಕ್ ಎಷ್ಟು ಫಾಸ್ಟ್, ಎಂಟಿಬಿ ಎಷ್ಟು ಸ್ಲೋ. ಮೊದಲಿನ ಎರಡಕ್ಕೆ ನಮ್ಮ ಹತ್ರ ಉತ್ತರ ಇಲ್ಲ. ಮೂರನೆಯದು ಮಾತ್ರ ಲೆಕ್ಕ ಮಾಡಿ ನೋಡಬಹುದಾದ ಜಗಳ. ಅದಕ್ಕೇ ನಾವು ನಾಲ್ಕು ಮಂದಿ (ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್) ಅದರ ಹಿಂದೆ ಬಿದ್ದೆವು.

ಬಿದ್ದಿದ್ದಕ್ಕೆ ಕಾರಣವೂ ಇತ್ತು. ನಮ್ಮ ನಾಲ್ವರಲ್ಲಿ ಸಿವಿಲ್‌ನವನು ಸೇಡಂ ತಾಲ್ಲೂಕಿನ ಆಡಕಿಯವನು. ಈ ಸೆಮಿಸ್ಟರ್‌ನಿಂದ ಹಾಸ್ಟೆಲ್ ಬಿಟ್ಟು ಮನೆಯಿಂದಲೇ ಓಡಾಡ್ತಿದ್ದಾನೆ. ಅಪ್ಪನಿಗೆ ಆರಾಮಿಲ್ಲ, ಹೊಲದ ಕೆಲಸ ನೋಡಬೇಕು. ಊರಿನ ಬಸ್ ಹಿಡಿದು ಸೇಡಂಗೆ ಬಂದು, ಅಲ್ಲಿಂದ ಕಾಲೇಜಿನ ಕಡೆಗೆ ಹೋಗೋ ಬಸ್ ಹತ್ತಬೇಕು. ಮೊದಲನೇ ಬಸ್ ತಡವಾದರೆ ಎರಡನೆಯದು ಸಿಗಲ್ಲ, ಎರಡನೆಯದು ಸಿಗದಿದ್ದರೆ ಮೊದಲ ಪೀರಿಯಡ್ ಹೋಯ್ತು. ಅಟೆಂಡೆನ್ಸ್ 85 ಪರ್ಸೆಂಟ್ ಅಂದ್ರೆ ಏನು ಅಂತ ನಿಮಗೆ ಹೇಳೋದು ಬೇಕಿಲ್ಲ. ಹಿಂಗೇ ಆದರೆ ಪರೀಕ್ಷೆಗೇ ಕೂಡಿಸಲ್ಲ ಅನ್ನೋ ಹಂತಕ್ಕೆ ಬಂದಿತ್ತು. ಸೇಡಂವರೆಗೆ ಸೈಕಲ್ ತುಳಿದರೆ ಊರ ಬಸ್ಸಿನ ಹಂಗೇ ಇರಲ್ಲ ಅಂತ ಅವನೇ ತೀರ್ಮಾನ ಮಾಡಿದ. ಮನೆಯಲ್ಲಿ ಅಣ್ಣ ಓಡಿಸಿ ಬಿಟ್ಟ ಹಳೇ ಎಂಟಿಬಿ ಒಂದಿತ್ತು. ಪರಿಚಯದವರೊಬ್ಬರು ತಮ್ಮ ರೋಡ್ ಬೈಕ್ ಮಾರ್ತೀನಿ ಅಂತಿದ್ದರು, ಹದಿನೆಂಟು ಸಾವಿರಕ್ಕೆ. ಆ ಹದಿನೆಂಟು ಸಾವಿರ ಅವನ ಮನೆಯಲ್ಲಿ ಬಿತ್ತನೆ ಬೀಜ, ಗೊಬ್ಬರದ ದುಡ್ಡು.

ಹಾಗಾಗಿ ಪ್ರಶ್ನೆ ಇಷ್ಟೇ: ಹದಿನೆಂಟು ಸಾವಿರ ಕೊಟ್ಟರೆ ಎಷ್ಟು ನಿಮಿಷ ಸಿಗ್ತದೆ?

ಮೊದಲು ಪೇಪರ್ ಮೇಲೆ ನೋಡೋಣ. ಸಮತಟ್ಟು ರಸ್ತೆಯಲ್ಲಿ ಸೈಕಲ್ಲನ್ನು ಹಿಂದಕ್ಕೆ ಎಳೆಯೋದು ಮುಖ್ಯವಾಗಿ ಎರಡು. ಒಂದು ಟೈರ್. ಚಕ್ರ ಉರುಳುವಾಗ ರಬ್ಬರ್ ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಅದಕ್ಕೆ ಹೋದ ಶಕ್ತಿ ಪೂರ್ತಿ ವಾಪಸ್ ಬರಲ್ಲ. ಇನ್ನೊಂದು ಗಾಳಿ. ಡ್ರ್ಯಾಗ್ ಅನ್ನೋದಕ್ಕೆ ಕನ್ನಡ ಪದ ಹುಡುಕುತ್ತಾ ಕೂತಿದ್ದಾಗ ಆಡಕಿಯವನೇ ಅಂದ: "ಗಾಳಿ ಹಿಂದಕ ದೂಡ್ತದ ಅನ್ರಲೇ, ಸಾಕು." ಸರಿ, ಗಾಳಿ ಹಿಂದಕ್ಕೆ ದೂಡುತ್ತದೆ. ಟೈರಿನ ಎಳೆತ ವೇಗ ಹೆಚ್ಚಾದರೂ ಹೆಚ್ಚುಕಡಿಮೆ ಅಷ್ಟೇ ಇರ್ತದೆ. ಗಾಳಿಯ ಬಲ ಮಾತ್ರ ವೇಗದ ವರ್ಗದ ಹಾಗೆ ಏರ್ತದೆ, ಅದನ್ನು ಗೆಲ್ಲೋಕೆ ಬೇಕಾದ ಪವರ್ ವೇಗದ ಘನದ ಹಾಗೆ ಏರ್ತದೆ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡೋ ಪವರ್ ಎಂಟು ಪಟ್ಟು.

ತುಳಿಯುವವನು 65 ಕೆಜಿ, ರೋಡ್ ಬೈಕ್ 10 ಕೆಜಿ, ಎಂಟಿಬಿ 15 ಕೆಜಿ ಅಂತ ಇಟ್ಟುಕೊಂಡೆವು. ಚಕ್ರಕ್ಕೆ ಸಿಗೋ ಪವರ್ 100 ವ್ಯಾಟ್, ದಿನಾ ತುಳಿಯೋ ಹುಡುಗ ಆರಾಮಾಗಿ ಕೊಡಬಹುದಾದಷ್ಟು. ನಮ್ಮ ಕಡೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರ, ಮೇಲೆ ಬಿಸಿಲು. ಅದಕ್ಕೆ ಗಾಳಿಯ ಸಾಂದ್ರತೆ ಘನಮೀಟರಿಗೆ 1.1 ಕೆಜಿ. ರೋಡ್ ಬೈಕಿನ ಟೈರಿಗೆ ಉರುಳು ಗುಣಾಂಕ 0.005, ಗಾಳಿ ಕಡಿಮೆ ಇರೋ ಗಡ್ಡೆಗಡ್ಡೆ ಎಂಟಿಬಿ ಟೈರಿಗೆ 0.012. ಎದೆ ಸೆಟೆಸಿ ಕೂತರೆ ಗಾಳಿಗೆ ಸಿಗೋ ವಿಸ್ತೀರ್ಣ 0.50 ಚದರ ಮೀಟರ್, ಬಾಗಿ ಕೂತರೆ 0.35. ಇವೆಲ್ಲ ಸಾಮಾನ್ಯವಾಗಿ ಬಳಸೋ ಅಂದಾಜಿನ ಸಂಖ್ಯೆಗಳು.

ಉತ್ತರ: ರೋಡ್ ಬೈಕ್ ಗಂಟೆಗೆ 26 ಕಿ.ಮೀ., ಎಂಟಿಬಿ 20 ಕಿ.ಮೀ. ಹತ್ತು ಕಿಲೋಮೀಟರ್‌ಗೆ 23 ನಿಮಿಷ ಮತ್ತು 30 ನಿಮಿಷ. ಏಳು ನಿಮಿಷದ ಫರಕು.

ಫರಕು ನಿಜ. ಆದರೆ ಅದು ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿದಾಗಲೇ ನಮಗೆ ಮಜಾ ಬಂದಿದ್ದು. ಎಲ್ಲರೂ ಮೊದಲು ಹೇಳೋದು ತೂಕ. ಎಂಟಿಬಿಯಿಂದ ಐದು ಕೆಜಿ ತೆಗೆದುಬಿಟ್ಟರೂ ಸಮತಟ್ಟಿನಲ್ಲಿ ವೇಗ ಅರ್ಧ ಕಿಲೋಮೀಟರ್ ಕೂಡ ಏರಲ್ಲ. ಏರು ಹತ್ತುವಾಗ ತೂಕ ಕಾಡ್ತದೆ, ನಿಜ; ಚಿಂಚೋಳಿ ಕಡೆಯ ಗುಡ್ಡಕ್ಕೆ ಹೋದರೆ ಗೊತ್ತಾಗ್ತದೆ. ಇದು ಕಪ್ಪು ಮಣ್ಣಿನ ಬಯಲು, ಇಲ್ಲಿ ತೂಕದ್ದು ಅಂಥಾ ಮಾತೇನಿಲ್ಲ. ಎರಡನೆಯದು ಗೇರ್. ಅದೂ ಅಲ್ಲ. ಮುಂದೆ 42 ಹಲ್ಲು, ಹಿಂದೆ 14 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಮೂರು ಸುತ್ತು, ಅಂದರೆ ಸುಮಾರು ಆರು ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 29 ಕಿ.ಮೀ. ಆಗ್ತದೆ. ನಮ್ಮ ಕಾಲಿಗೆ ಅಷ್ಟು ಶಕ್ತಿ ಇಲ್ಲದಿರೋದು ಗೇರಿನ ತಪ್ಪಲ್ಲ.

ಉಳಿದಿದ್ದು ಟೈರ್ ಮತ್ತು ಕೂರೋ ರೀತಿ. ಎಂಟಿಬಿ ಗಂಟೆಗೆ 20ರಲ್ಲಿ ಹೋಗುವಾಗ ನೂರರಲ್ಲಿ 52 ವ್ಯಾಟ್ ಟೈರೇ ತಿಂದುಹಾಕ್ತದೆ. ಅರ್ಧಕ್ಕಿಂತ ಜಾಸ್ತಿ! ರೋಡ್ ಬೈಕ್ 26ರಲ್ಲಿ ಹೋಗುವಾಗ ಟೈರಿಗೆ ಹೋಗೋದು 27 ವ್ಯಾಟ್ ಮಾತ್ರ, ಉಳಿದಿದ್ದು ಗಾಳಿಗೆ. ಅದೇ ಹಳೇ ಎಂಟಿಬಿಗೆ ಪ್ಲೇನ್ ಟೈರ್ ಹಾಕಿ ಸರಿಯಾಗಿ ಗಾಳಿ ತುಂಬಿದರೆ ಲೆಕ್ಕದ ಪ್ರಕಾರ 22.8. ಹ್ಯಾಂಡಲ್ ಇಳಿಸಿ ಸ್ವಲ್ಪ ಬಾಗಿ ಕೂತರೆ 24. ಆರು ಕಿಲೋಮೀಟರ್ ಫರಕಿನಲ್ಲಿ ನಾಲ್ಕು ಹೋಯ್ತು, ಹೊಸ ಸೈಕಲ್ ಇಲ್ಲದೆ.

ಕೂರೋ ರೀತಿಯ ತಾಕತ್ತು ಎಷ್ಟು ಅನ್ನೋದಕ್ಕೆ ಹಳೇ ಕಥೆ ಒಂದಿದೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಅನ್ನೋ ಫ್ರೆಂಚ್ ಸೈಕ್ಲಿಸ್ಟ್, ಹೆಚ್ಚುಕಡಿಮೆ ಮಲಗಿಕೊಂಡೇ ತುಳಿಯೋ ಸೈಕಲ್ ಮೇಲೆ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ದಾಟಿ, 1914ರಿಂದ ನಿಂತಿದ್ದ ದಾಖಲೆ ಮುರಿದ. ಅವನೇನು ಆ ಕಾಲದ ದೊಡ್ಡ ಚಾಂಪಿಯನ್ ಅಲ್ಲ. ಮರುವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಅಂಥ ಸೈಕಲ್ಲನ್ನು ರೇಸಿನಿಂದಲೇ ಹೊರಗಿಟ್ಟಿತು. ಎಂಟಿಬಿ ಹುಟ್ಟಿದ್ದಾದರೂ ವೇಗಕ್ಕಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ದಪ್ಪ ಟೈರ್ ಸೈಕಲ್ ತಗೊಂಡು ಗುಡ್ಡದ ಮಣ್ಣುದಾರಿಯಲ್ಲಿ ಕೆಳಗೆ ಧುಮುಕೋಕೆ ಶುರು ಮಾಡಿದ್ದರಿಂದ ಬಂದಿದ್ದು ಅದು. ನಮ್ಮಲ್ಲಿ ಅದು ಗುಡ್ಡ ನೋಡಲೇ ಇಲ್ಲ. ಮನೆಯಿಂದ ಟ್ಯೂಷನ್‌ಗೆ, ಟ್ಯೂಷನ್‌ನಿಂದ ಮನೆಗೆ.

ಲೆಕ್ಕ ಆಯ್ತು, ರಸ್ತೆ ಏನಂತದೆ? ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಆಡಕಿ ರಸ್ತೆಗೆ ಹೋದೆವು. ರೋಡ್ ಬೈಕ್ ಮಾರೋರು ಒಂದು ದಿನ ಓಡಿಸಿ ನೋಡ್ರಿ ಅಂತ ಕೊಟ್ಟಿದ್ದರು. ಕಿಲೋಮೀಟರ್ ಕಲ್ಲು ನೋಡಿಕೊಂಡು ಐದು ಹೋಗಿ ಐದು ಬರೋದು, ಗಾಳಿ ಒಂದೇ ಕಡೆ ಸಹಾಯ ಮಾಡಬಾರದು ಅಂತ. ಎರಡೂ ಸೈಕಲ್ ಆಡಕಿಯವನೇ ತುಳಿಯಬೇಕು. ಪವರ್ ಮೀಟರ್ ನಮ್ಮ ಹತ್ರ ಎಲ್ಲಿಂದ ಬರಬೇಕು? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಜೋರಾಗಿ ತುಳಿ ಅಂತ ನಿಯಮ ಮಾಡಿದೆವು. ಪಕ್ಕದಲ್ಲಿ ಬೈಕ್ ಮೇಲೆ ನಾವು ಮಾತಾಡಿಸ್ತಾ ಹೋದೆವು. ಎಂಟಿಬಿ 30 ನಿಮಿಷ. ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೆ ರೋಡ್ ಬೈಕ್ 24 ನಿಮಿಷ. ಪೇಪರ್ ಸುಳ್ಳು ಹೇಳಿರಲಿಲ್ಲ.

ಆದರೆ ಪೇಪರಿನಲ್ಲಿ ಇಲ್ಲದ ಒಂದು ವಿಷಯ ಒಂಬತ್ತು ಗಂಟೆಗೆ ಬಂತು. ಲಾರಿ. ಸೇಡಂ, ಮಳಖೇಡ, ವಾಡಿ ಅಂದ್ರೆ ಸಿಮೆಂಟ್. ಶಹಾಬಾದ ಅಂದ್ರೆ ಫರಸಿ ಕಲ್ಲು. ನೆಲದ ಕೆಳಗೆ ಸುಣ್ಣದಕಲ್ಲು ಇದ್ದ ಮೇಲೆ ರಸ್ತೆ ಮೇಲೆ ಲಾರಿ ಇರಲೇಬೇಕು. ಎದುರಿನಿಂದ ಬಸ್, ಹಿಂದಿನಿಂದ ಲಾರಿ ಬಂದು ಹಾರ್ನ್ ಹೊಡೆದರೆ ಸೈಕಲ್‌ನವನು ಡಾಂಬರು ಬಿಟ್ಟು ಕೆಳಗಿಳಿಯಬೇಕು. ಡಾಂಬರಿನ ಅಂಚಿಗೂ ಪಕ್ಕದ ಮಣ್ಣಿಗೂ ಕೆಲವು ಕಡೆ ಗೇಣುದ್ದ ತಗ್ಗು. ದಪ್ಪ ಟೈರಿನ ಎಂಟಿಬಿ ಧಡ್ ಅಂತ ಇಳಿದು, ಸ್ವಲ್ಪ ದೂರ ಹೋಗಿ ಮತ್ತೆ ಹತ್ತುತ್ತದೆ. ಸಣ್ಣ ಟೈರಿನ ರೋಡ್ ಬೈಕಿನಲ್ಲಿ ಪೂರ್ತಿ ನಿಂತು, ಕಾಲು ಊರಿ, ಎತ್ತಿ ಇಳಿಸಬೇಕು. ಆ ಹೊತ್ತಿನಲ್ಲಿ ಅದೇ ಹತ್ತು ಕಿಲೋಮೀಟರ್ ಮತ್ತೆ ತುಳಿಸಿದಾಗ ಎಂಟಿಬಿ 31, ರೋಡ್ ಬೈಕ್ 27. ಆರಿದ್ದ ಫರಕು ನಾಲ್ಕಕ್ಕೆ ಇಳಿಯಿತು. ಡಿಸೆಂಬರ್, ಜನವರಿಯಲ್ಲಿ ರಾಶಿ ಶುರುವಾಗಿ ತೊಗರಿ ಕಟ್ಟಿಗೆ ರಸ್ತೆ ಮೇಲೆ ಹರವಿದಾಗ ಇನ್ನೂ ಕಥೆ ಬೇರೆ.

ಇದು ನಮ್ಮ ರಸ್ತೆಯ ಹಣೆಬರಹ ಮಾತ್ರ ಅಲ್ಲ. ಫ್ರಾನ್ಸಿನಲ್ಲಿ 1896ರಿಂದ ಪ್ಯಾರಿಸ್-ರೂಬೆ ಅಂತ ಒಂದು ರೇಸ್ ನಡೀತದೆ, ಅದರ ಎಷ್ಟೋ ಭಾಗ ಹಳೇ ಕಲ್ಲುಹಾಸಿನ ದಾರಿ. ಅಲ್ಲಿ ಜಗತ್ತಿನ ಅತಿ ವೇಗದ ಸೈಕ್ಲಿಸ್ಟ್‌ಗಳೇ ಅಗಲ ಟೈರ್ ಹಾಕಿ, ಗಾಳಿ ಕಡಿಮೆ ಮಾಡಿಕೊಂಡು ಹೋಗ್ತಾರೆ. ನಯವಾದ ರಸ್ತೆಯ ರೇಸುಗಳಲ್ಲೂ ಮೊದಲಿದ್ದ 23 ಮಿ.ಮೀ. ಟೈರ್ ಹೋಗಿ 28, 30 ಬಂದಿದೆ. ಸಣ್ಣದಿದ್ದಷ್ಟೂ ಫಾಸ್ಟ್ ಅನ್ನೋ ಮಾತು ಅವರೇ ಬಿಟ್ಟಾಯ್ತು.

ಆಡಕಿಯವನನ್ನು ಕರಕೊಂಡು ಸೈಕಲ್ ಅಂಗಡಿ ಕಾಕಾನ ಹತ್ರ ಹೋದೆವು. ನಮ್ಮ ನೋಟ್‌ಬುಕ್ಕಿನ ಗ್ರಾಫ್ ತೋರಿಸೋ ಮೊದಲೇ ಕಾಕಾ ಹೆಬ್ಬೆರಳಿಂದ ಟೈರ್ ಒತ್ತಿ ನೋಡಿದರು. "ಅಲ್ಲೋ ತಮ್ಮಾ, ಹೊಸ ಗಾಡಿ ಆಮ್ಯಾಲ ತಗೊಳ್ಳೀರಂತ. ಇದ್ರಾಗ ಗಾಳೀನೇ ಇಲ್ಲ ನೋಡು. ಇದು ಹ್ಯಾಂಗ ಓಡಬೇಕು?" ನಾಲ್ಕು ಪೇಜ್ ಲೆಕ್ಕದ ಸಾರಾಂಶ ಒಂದೇ ಒತ್ತಿಗೆ ಬಂತು.

ಒಂದೂವರೆ ಇಂಚಿನ ಪ್ಲೇನ್ ಟೈರ್ ಎರಡು, ಟ್ಯೂಬ್ ಎರಡು, ಹೊಸ ಬ್ರೇಕ್ ಶೂ, ಚೈನಿಗೆ ಎಣ್ಣೆ, ಹ್ಯಾಂಡಲ್ ಇಳಿಸಿದ್ದು, ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗೀತು. ಟೈರಿನ ಪಕ್ಕದಲ್ಲಿ ಬರೆದಿರೋ ಪಿಎಸ್‌ಐ ನೋಡಿ ಗಾಳಿ ತುಂಬಿದೆವು. ಮುಂದಿನ ಭಾನುವಾರ ಅದೇ ಹತ್ತು ಕಿಲೋಮೀಟರ್, ಬೆಳಗ್ಗೆ ಆರಕ್ಕೆ: ಇಪ್ಪತ್ತಾರೂವರೆ ನಿಮಿಷ. ಒಂಬತ್ತು ಗಂಟೆಯ ಲಾರಿಗಳ ನಡುವೆ 28. ರೋಡ್ ಬೈಕಿಗಿಂತ ಒಂದೇ ನಿಮಿಷ ಹಿಂದೆ, ಹದಿನಾರು ಸಾವಿರ ಮುಂದೆ.

ನಾವು ರೋಡ್ ಬೈಕ್ ವಿರೋಧಿಗಳಲ್ಲ. ಓಪನ್ ರಸ್ತೆಯಲ್ಲಿ ನೂರು ಕಿಲೋಮೀಟರ್ ಹೋಗೋರಿಗೆ, ವಿಜಯಪುರ, ಬಾಗಲಕೋಟೆ ಹುಡುಗರ ಹಾಗೆ ರೇಸಿಗೆ ಇಳಿಯೋರಿಗೆ ಆ ಎರಡು ಕಿಲೋಮೀಟರ್ ವೇಗವೇ ಎಲ್ಲಾ. ದುಡ್ಡಿದ್ದರೆ, ರಸ್ತೆ ಇದ್ದರೆ ತಗೊಳ್ಳಿ, ಒಂದು ರೌಂಡ್ ನಮಗೂ ಕೊಡಿ. ಆದರೆ "ನಂದು ಎಂಟಿಬಿ, ಅದಕ್ಕೇ ಸ್ಲೋ" ಅಂತ ಅದನ್ನು ಹಾಸ್ಟೆಲ್ ಮೆಟ್ಟಿಲ ಕೆಳಗೆ ಧೂಳು ಹಿಡಿಯೋಕೆ ಬಿಟ್ಟಿರೋರು ನಮ್ಮ ಕ್ಯಾಂಪಸ್‌ನಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಇಷ್ಟೇ ಹೇಳೋದು: ಇವತ್ತು ಸಂಜೆ ಹೆಬ್ಬೆರಳಿಂದ ಟೈರ್ ಒತ್ತಿ ನೋಡಿ.

ಆಡಕಿಯವನು ಈಗ ಒಂದೂವರೆ ತಿಂಗಳಿಂದ ಸೇಡಂವರೆಗೆ ಸೈಕಲ್ಲಲ್ಲೇ ಬರ್ತಿದ್ದಾನೆ, ಸಂಬಂಧಿಕರ ಅಂಗಡಿ ಮುಂದೆ ಬೀಗ ಹಾಕಿ ಬಸ್ ಹತ್ತುತ್ತಾನೆ. ಅಟೆಂಡೆನ್ಸ್ 81ಕ್ಕೆ ಬಂದಿದೆ. ಇನ್ನೂ ನಾಲ್ಕು ಪರ್ಸೆಂಟ್ ಬಾಕಿ, ಸೆಮಿಸ್ಟರ್ ಮುಗಿಯೋಕೆ ಐದು ವಾರ ಇದೆ. ಅದರ ಲೆಕ್ಕವನ್ನೂ ನೋಟ್‌ಬುಕ್ಕಿನ ಹಿಂದಿನ ಪೇಜಿನಲ್ಲಿ ಮಾಡಿಟ್ಟಿದ್ದೇವೆ. ಒಂದು ದಿನವೂ ಪಂಚರ್ ಆಗಬಾರದು, ಅಷ್ಟೇ.