ಪುಕ್ಕಟೆ ಊಟದ ಬೆಲೆ

ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿ. ಅಲ್ಲಿನ ಮೇನ್ ಸ್ಟ್ರೀಟಿನಲ್ಲಿ 1908ನೇ ನಂಬರಿನ ಒಂದು ಸಾಧಾರಣ ಕಟ್ಟಡ. 1920ರ ದಶಕದ ಕೊನೆಯಿಂದ ಮುಂದೆ ಸುಮಾರು ಹತ್ತು ವರ್ಷ ಅದರ ಮಹಡಿಯ ಮೇಲೆ ಬೆಳಗಾದರೆ ಜನರ ಸಾಲು. ಕೆಲಸ ಬೇಕಾದವರು, ಚಳಿಗೆ ಕಲ್ಲಿದ್ದಲಿಲ್ಲದವರು, ಗುತ್ತಿಗೆ ಕೇಳಲು ಬಂದವರು. ಎಲ್ಲರೂ ಕಾಯುತ್ತಿದ್ದುದು ಟಾಮ್ ಪೆಂಡರ್‌ಗಾಸ್ಟ್ ಎಂಬ ಒಬ್ಬನಿಗಾಗಿ. ಆತ ಮೇಯರ್ ಅಲ್ಲ, ಗವರ್ನರೂ ಅಲ್ಲ. ಆದರೆ ಅವನ ಮಾತಿಲ್ಲದೆ ಆ ಊರಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡುತ್ತಿರಲಿಲ್ಲ!

ಪೆಂಡರ್‌ಗಾಸ್ಟ್ ಹುಟ್ಟಿದ್ದು 1872ರಲ್ಲಿ. ಅಣ್ಣ ಜಿಮ್ ಸಾರಾಯಿ ಅಂಗಡಿ ನಡೆಸುತ್ತಲೇ ರಾಜಕೀಯದಲ್ಲಿ ಬೆಳೆದವನು. 1911ರಲ್ಲಿ ಅವನು ತೀರಿಕೊಂಡ ಮೇಲೆ ಗದ್ದುಗೆ ತಮ್ಮನದಾಯಿತು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಮೆರಿಕದಾದ್ಯಂತ ಪಾನನಿಷೇಧ ಜಾರಿಯಲ್ಲಿತ್ತು. ಕಾನ್ಸಾಸ್ ಸಿಟಿಯಲ್ಲಿ ಮಾತ್ರ ಆ ಕಾನೂನು ಕಾಗದದ ಮೇಲಷ್ಟೇ ಇತ್ತು. ಹೆಂಡ ಹರಿಯಿತು, ಜೂಜು ನಡೆಯಿತು, ಪೊಲೀಸರು ಬೇರೆ ಕಡೆ ನೋಡಿದರು. ಬೇಲಿಯೇ ಎದ್ದು ಹೊಲ ಮೇಯಿತು.

ಹಾಗಾದರೆ ಜನ ಅವನನ್ನು ದ್ವೇಷಿಸುತ್ತಿದ್ದರೇ? ಇಲ್ಲ, ಬಹಳ ಮಂದಿ ಪ್ರೀತಿಸುತ್ತಿದ್ದರು. ಹಬ್ಬದ ದಿನ ಬಡವರಿಗೆ ಪುಕ್ಕಟೆ ಊಟ. ಕೆಲಸ ಕಳೆದುಕೊಂಡವನಿಗೆ ಒಂದು ಚೀಟಿ, ಚೀಟಿ ತೋರಿಸಿದರೆ ಕೆಲಸ. 1931ರಲ್ಲಿ ನಗರದ ಜನ ಹತ್ತು ವರ್ಷಗಳ ಭಾರಿ ಕಾಮಗಾರಿ ಯೋಜನೆಗೆ ಮತ ಹಾಕಿದರು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಅದರಿಂದ ಸಾವಿರಾರು ಒಲೆಗಳು ಉರಿದವು. ಕಾಂಕ್ರೀಟು ಬಂದದ್ದು ಪೆಂಡರ್‌ಗಾಸ್ಟ್‌ನ ಕಂಪನಿಯಿಂದಲೇ.

ಇದಕ್ಕೆಲ್ಲ ಪ್ರತಿಯಾಗಿ ಅವನು ಕೇಳುತ್ತಿದ್ದುದು ಒಂದೇ: ಮತ. ಸಾಲದಾದಾಗ ಸುಳ್ಳು ಹೆಸರುಗಳೂ ಮತಪಟ್ಟಿ ಸೇರಿದವು. 1934ರ ನಗರ ಚುನಾವಣೆಯ ದಿನ ನಾಲ್ವರ ಹೆಣ ಬಿತ್ತು. 1936ರ ಚುನಾವಣೆಯ ಅಕ್ರಮಕ್ಕಾಗಿ 250ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು.

ಕನ್ನಡದಲ್ಲಿ 'ದ್ರವ್ಯ'ವೆಂದರೆ ವಸ್ತುವೂ ಹೌದು, ಹಣವೂ ಹೌದು. ವಸ್ತು ಶೂನ್ಯದಿಂದ ಹುಟ್ಟುವುದಿಲ್ಲ; ಕೈಸೇರಿದ ಹಣವೂ ಎಲ್ಲಿಂದಲೋ ಬಂದಿರಲೇಬೇಕು. ಪೆಂಡರ್‌ಗಾಸ್ಟ್‌ಗೆ ಕುದುರೆ ಜೂಜಿನ ಹುಚ್ಚು. ಹಣ ಎಷ್ಟಿದ್ದರೂ ಸಾಲದು. ಆಗ ಬೆಂಕಿ ವಿಮೆಯ ಹೆಚ್ಚುವರಿ ಕಂತಿನ ಹಣ ವ್ಯಾಜ್ಯದಲ್ಲಿ ಸಿಲುಕಿತ್ತು. 1935ರಲ್ಲಿ ರಾಜಿಯಾಯಿತು: ನೂರರಲ್ಲಿ 80 ಪಾಲು ಕಂಪನಿಗಳಿಗೆ, 20 ಪಾಲು ಮಾತ್ರ ಕಂತು ಕಟ್ಟಿದ ಜನರಿಗೆ. ಹೀಗೆ ಮಾಡಿಸಿಕೊಡಲು ಪೆಂಡರ್‌ಗಾಸ್ಟ್‌ಗೆ ಗೊತ್ತುಪಡಿಸಿದ್ದ ಲಂಚ 7,50,000 ಡಾಲರ್. ಒಂದು ಕೈಯಲ್ಲಿ ಊಟ ಬಡಿಸಿದವನು ಇನ್ನೊಂದು ಕೈಯಿಂದ ಆ ಊರಿನವರ ಜೇಬಿಗೇ ಕತ್ತರಿ ಹಾಕಿದ್ದ.

ಅವನನ್ನು ಹಿಡಿದದ್ದು ಪಿಸ್ತೂಲಲ್ಲ, ಲೆಕ್ಕದ ಪುಸ್ತಕ. ಲಂಚದ ಹಣಕ್ಕೆ ಆದಾಯ ತೆರಿಗೆ ಕಟ್ಟಿರಲಿಲ್ಲ! 1939ರ ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡ; 15 ತಿಂಗಳ ಸಜೆ, 10,000 ಡಾಲರ್ ದಂಡ.

ಇದೇ ಪೆಂಡರ್‌ಗಾಸ್ಟ್‌ನ ಬೆಂಬಲದಿಂದ ಮೇಲೆ ಬಂದವರು ಹ್ಯಾರಿ ಟ್ರೂಮನ್. ಜಿಲ್ಲಾಡಳಿತದಲ್ಲಿದ್ದಾಗ ರಸ್ತೆಯ ಗುತ್ತಿಗೆಯನ್ನು ಅವನ ಕಡೆಯವರಿಗೆ ಕೊಡದೆ, ಕಡಿಮೆ ದರ ಕೂಗಿದವರಿಗೆ ಕೊಟ್ಟವರು. 1945ರ ಜನವರಿಯಲ್ಲಿ ಪೆಂಡರ್‌ಗಾಸ್ಟ್ ಸತ್ತಾಗ ಟ್ರೂಮನ್ ಉಪಾಧ್ಯಕ್ಷರಾಗಿ ಒಂದು ವಾರವಷ್ಟೇ ಆಗಿತ್ತು. ಟೀಕೆ ಬರುತ್ತದೆಂದು ಗೊತ್ತಿದ್ದೂ ಅಂತ್ಯಕ್ರಿಯೆಗೆ ಹೋದರು. ಋಣವನ್ನು ನೆನೆಯುವುದು ಬೇರೆ, ಋಣಕ್ಕಾಗಿ ಊರಿನ ಹಣ ಬಿಟ್ಟುಕೊಡುವುದು ಬೇರೆ. ಮಕ್ಕಳಿಗೆ ಹೇಳಿಕೊಡಬೇಕಾದ ವ್ಯತ್ಯಾಸ ಇದೇ ಇರಬೇಕು.

ಊರನ್ನು ಕೊನೆಗೆ ಶುಚಿ ಮಾಡಿದವರಲ್ಲಿ ಸಾಮಾನ್ಯ ಗೃಹಿಣಿಯರೂ ಇದ್ದರು. 1940ರ ಚುನಾವಣೆಯಲ್ಲಿ ಅವರು ಮನೆಮನೆಗೆ ಹೋಗಿ ಮತ ಕೇಳಿದರು, ಸುಧಾರಣಾವಾದಿಗಳನ್ನು ಗೆಲ್ಲಿಸಿದರು. ಅವರು ಆರಿಸಿಕೊಂಡ ಗುರುತು ಎಲ್ಲರ ಮನೆಯಲ್ಲೂ ಇರುವಂಥದು: ಒಂದು ಪೊರಕೆ.