ಗಬ್ಬು ಸೇವಂತಿಯ ಪಕ್ಷ

ಮೊಣಕಾಲು ತರಚಿದರೆ ಯಾವ ಸೊಪ್ಪಿನ ರಸ ಹಿಂಡಬೇಕು ಎಂಬ ವಿಷಯದಲ್ಲಿ ನಮ್ಮೂರಲ್ಲಿ ಎರಡು ಪಕ್ಷಗಳಿದ್ದವು. ಹಿರಿಯರದು ಗರಿಕೆಯ ಪಕ್ಷ. ಶಾಲೆ ಬಯಲಿನ ನಮ್ಮದು ಗಬ್ಬು ಸೇವಂತಿಯದು. ಗರಿಕೆ ಜಜ್ಜಲು ಕಲ್ಲು ಬೇಕು, ತಾಳ್ಮೆ ಬೇಕು. ಗಬ್ಬು ಸೇವಂತಿಯ ಎಲೆ ಅಂಗೈಯಲ್ಲಿ ತಿಕ್ಕಿದರೆ ಸಾಕು, ರಸ ಬರುತ್ತಿತ್ತು. ಹಚ್ಚಿದರೆ ಉರಿಯುತ್ತಿತ್ತು. ಉರಿಯದ ಮದ್ದನ್ನು ನಾವು ನಂಬುತ್ತಿರಲಿಲ್ಲ.

ಹೆಸರು ಕೇಳಿ ಮೂಗು ಮುಚ್ಚಬೇಡಿ. ಪುಸ್ತಕದವರು ಟ್ರೈಡ್ಯಾಕ್ಸ್ ಎನ್ನುವ ಈ ಗಿಡ ಆಸ್ಟರ್, ಸೂರ್ಯಕಾಂತಿಗಳ ಕುಲದ್ದು. ಅಮೆರಿಕದ ಉಷ್ಣವಲಯದಿಂದ ಬಂದು ನಮ್ಮ ಬೇಲಿ, ಬದುಗಳಲ್ಲಿ ಬೀಡುಬಿಟ್ಟಿದೆ. ಗೇಣುದ್ದದ ಬೋಳು ದಂಟಿನ ತುದಿಗೊಂದು ಹೂ: ನಡುವೆ ಹಳದಿ ಬೊಟ್ಟು, ಸುತ್ತ ತುದಿಯಲ್ಲಿ ಕಚ್ಚುಳ್ಳ ನಾಲ್ಕೈದು ಕೆನೆಬಣ್ಣದ ಎಸಳು. ಒಂದೇ ಎಂದು ಕಾಣುವ ಆ ಹೂ ಅಸಲಿಗೆ ಹತ್ತಾರು ಕಿರುಹೂಗಳ ಅವಿಭಕ್ತ ಕುಟುಂಬ. ಗರಿಕೆಗೂ ಹೂವಿದೆ. ನಾಲ್ಕೈದು ಸಪೂರ ಕಡ್ಡಿಗಳು, ಅಷ್ಟೆ. ಪರಾಗದ ಕೆಲಸವನ್ನು ಗಾಳಿಗೆ ವಹಿಸಿದ ಮೇಲೆ ಅಲಂಕಾರದ ಗೋಜೇಕೆ? ಚಿಟ್ಟೆಗಳನ್ನು ಕರೆಯಬೇಕಾದವರಿಗೆ ತಾನೆ ಬಣ್ಣದ ಖರ್ಚು! 1753ರಲ್ಲಿ ಸಸ್ಯಪಂಡಿತ ಲಿನೇಯಸ್ ಒಂದೇ ಗ್ರಂಥದಲ್ಲಿ ಇಬ್ಬರಿಗೂ ನಾಮಕರಣ ಮಾಡಿದ. ಗರಿಕೆಯದನ್ನು 1805ರಲ್ಲಿ ಇನ್ನೊಬ್ಬ ಪಂಡಿತ ತಿದ್ದಿದ. ನಮ್ಮ ಪಕ್ಷದ್ದು ಇಂದಿಗೂ ಹಾಗೇ ಇದೆ. ಇಂಥ ಸಣ್ಣ ಗೆಲುವುಗಳನ್ನು ನಾನು ಬಿಟ್ಟುಕೊಡುವುದಿಲ್ಲ.

ಉಳಿದಂತೆ ಗೆಲುವೆಲ್ಲ ಗರಿಕೆಯದೇ. ಅನಲಾಸುರನನ್ನು ನುಂಗಿ ಹೊಟ್ಟೆಯುರಿಯಿಂದ ಒದ್ದಾಡಿದ ಗಣಪತಿಗೆ ತಂಪು ಕೊಟ್ಟದ್ದು 21 ಗರಿಕೆ. ಅದೇ ಗರಿಕೆ ಧಾರವಾಡದ ಕಡೆಯ ಎರೆಹೊಲಕ್ಕೆ ಹೊಕ್ಕರೆ ಕರಕಿ ಎನಿಸಿಕೊಂಡು ಬೈಸಿಕೊಳ್ಳುತ್ತದೆ. ನೆಲದ ಮೇಲೂ ಹಬ್ಬುತ್ತದೆ, ಒಳಗೂ ಹಬ್ಬುತ್ತದೆ. ಕಡಿದ ಗೆಣ್ಣೊಂದು ಉಳಿದರೂ ಮತ್ತೆ ಚಿಗುರುತ್ತದೆ. ಪೂಜೆಯೋ ಶಾಪವೋ, ಅದರ ಹೆಸರನ್ನು ಜನ ಎತ್ತುತ್ತಾರಲ್ಲ. ಗಬ್ಬು ಸೇವಂತಿಗೆ ಎರಡೂ ಇಲ್ಲ.

ಈಗ ನಾನಿರುವ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎರಡಕ್ಕೂ ಪ್ರವೇಶ ನಿಷಿದ್ಧ. ಲಾನಿಗೆ ದುಡ್ಡು ಕೊಟ್ಟು ತಂದ ಹುಲ್ಲಿದೆ; ತುಳಿಯಬೇಡಿ ಎಂಬ ಫಲಕವಿದೆ. ಮಕ್ಕಳು ರಬ್ಬರು ಹಾಸಿನ ಮೇಲೆ ಆಡುತ್ತವೆ, ಬಿದ್ದರೂ ತರಚುವುದಿಲ್ಲ. ಒಳ್ಳೆಯದೇ. ಆದರೂ ಈ ಮಕ್ಕಳಿಗೆ ಯಾವ ಪಕ್ಷವೂ ಇಲ್ಲವಲ್ಲ ಎಂದು ಒಮ್ಮೊಮ್ಮೆ ಪೆಚ್ಚೆನಿಸುತ್ತದೆ.

ಚೌತಿಯ ಮುನ್ನಾದಿನ ಮಾಲಿ ಲಾನಿನಿಂದ ಮೂಟೆ ತುಂಬ ಗರಿಕೆ ಕಿತ್ತು ಕಸಕ್ಕೆ ಹಾಕುತ್ತಿದ್ದ. ಅದೇ ಹೊತ್ತಿಗೆ ಗೇಟಿನಲ್ಲಿ ಡೆಲಿವರಿ ಹುಡುಗ ಹಬ್ಬದ ಕಮಿಟಿಗೆ ಗರಿಕೆಯ ಕಟ್ಟು ತಂದು ನಿಂತ.

"ಇದನ್ನೇ ಕೊಡಬಹುದಿತ್ತಲ್ಲಪ್ಪ?" ಎಂದೆ.

"ಇದು ಕಳೆ ಸಾರ್. ಅದು ಪೂಜೆದು" ಎಂದ ಮಾಲಿ.

ಮೂಟೆಯಲ್ಲಿ ನಮ್ಮ ಪಕ್ಷದವರೂ ನಾಲ್ಕಾರು ಮಂದಿ ಇದ್ದರು. ಒಂದು ಹೂವನ್ನು ಎತ್ತಿಕೊಂಡು ಮಂಟಪಕ್ಕೆ ಹೋದೆ. ಕಮಿಟಿಯ ಹಿರಿಯಮ್ಮ ಕನ್ನಡಕ ಸರಿಮಾಡಿಕೊಂಡು, "ಇದ್ಯಾವ ಹೂವಪ್ಪ?" ಎಂದರು. "ಸೇವಂತಿಗೇನೇ ಅಮ್ಮ, ಫಾರಿನ್‌ದು" ಎಂದೆ. ಇಟ್ಟರು.