ಚಿನ್ನ ಗೆದ್ದ ಮಾಷ್ಟ್ರು

ಕಾಸರಗೋಡಿನ ನಮ್ಮ ಮಕ್ಕಳಿಗೆ ಫುಟ್ಬಾಲಿನ ಹುಚ್ಚು ಹಿಡಿಸಬೇಕಾಗಿಲ್ಲ. ಗದ್ದೆ ಕೊಯ್ಲಾದರೆ ಸಾಕು, ಸೆವೆನ್ಸ್ ಶುರು. ಆದರೆ ನಮ್ಮಂಥ ಸಣ್ಣ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹನ್ನೊಂದು ಮಂದಿಯ ತಂಡ ಕಟ್ಟುವುದೇ ಕಷ್ಟ. ಮಕ್ಕಳ ಸಂಖ್ಯೆ ಸಾಲದೆ ಡ್ರಿಲ್ ಮಾಷ್ಟ್ರ ಹುದ್ದೆಯೂ ಇಲ್ಲ. ಸೀಟಿ ಹಿಡಿದು ಮೈದಾನಕ್ಕಿಳಿಯುವವರು ಗಣಿತದವರೋ ಕನ್ನಡದವರೋ. "ಪಾಠ ಬಿಟ್ಟು ಇದೆಂಥ ಆಟ ಮಾಷ್ಟ್ರೇ?" ಎಂದು ಕೇಳುವ ಹೆತ್ತವರಿಗೆ ನಾವು ಇಂಗ್ಲೆಂಡಿನ ಕೆನೆತ್ ಹಂಟ್ ಅವರ ಕತೆ ಹೇಳುತ್ತೇವೆ.

1908ರ ಏಪ್ರಿಲ್ 25, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಎಫ್.ಎ. ಕಪ್ ಫೈನಲ್. ಒಂದು ಕಡೆ ಹಿಂದಿನ ವರ್ಷದ ಲೀಗ್ ಚಾಂಪಿಯನ್ ನ್ಯೂಕ್ಯಾಸಲ್ ಯುನೈಟೆಡ್. ಇನ್ನೊಂದು ಕಡೆ ಎರಡನೇ ಡಿವಿಷನ್ನಿನ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್, ನಮ್ಮ ಹುಡುಗರ ಬಾಯಲ್ಲಿ ಬರೀ ವುಲ್ವ್ಸ್. ಗೆದ್ದದ್ದು ವುಲ್ವ್ಸ್, 3-1. ಮೊದಲ ಗೋಲು ಹಂಟ್ ಅವರದು. ಆ ದಿನ ಗೋಲು ಹೊಡೆದವರು ಹಂಟ್, ಹೆಡ್ಲಿ, ಹ್ಯಾರಿಸನ್, ಎದುರಾಳಿಯ ಹೌವಿ. ಕಾಗುಣಿತ ಕಲಿಸುವ ನಮಗೆ ಈ 'ಹ'ಕಾರದ ಸಾಲು ಬಲು ಇಷ್ಟ!

ಆಗ ವೃತ್ತಿಪರ ಆಟಗಾರರಿಗೆ ವಾರಕ್ಕೆ ಹೆಚ್ಚೆಂದರೆ 4 ಪೌಂಡ್ ಸಂಬಳ. ಹಂಟ್ ಹವ್ಯಾಸಿ, ಆಟಕ್ಕೆ ಸಂಬಳವಿಲ್ಲ. ಅದೇ ವರ್ಷ ಲಂಡನ್ನಿನ ಹೈಗೇಟ್ ಶಾಲೆಗೆ ಅಧ್ಯಾಪಕರಾಗಿ ಸೇರಿದರು. ಪಾದ್ರಿಯೂ ಆದರು. ಅಕ್ಟೋಬರದಲ್ಲಿ ಒಲಿಂಪಿಕ್ ಫೈನಲ್. ಡೆನ್ಮಾರ್ಕನ್ನು 2-0ರಿಂದ ಸೋಲಿಸಿ ಚಿನ್ನ ಗೆದ್ದ ಬ್ರಿಟನ್ ತಂಡದಲ್ಲಿ ಅವರಿದ್ದರು. 1911ರಲ್ಲಿ ವೃತ್ತಿಪರರ ಜೊತೆಗೇ ಇಂಗ್ಲೆಂಡ್ ಪರ ಎರಡು ಪಂದ್ಯ. 1920ರಲ್ಲಿ, 36ರ ಪ್ರಾಯದಲ್ಲಿ, ಆಂಟ್‌ವರ್ಪ್ ಒಲಿಂಪಿಕ್ಸಿಗೂ ಹೋದರು. ಅಲ್ಲಿ ನಾರ್ವೆ ಮೊದಲ ಸುತ್ತಿನಲ್ಲೇ 3-1ರಿಂದ ಮನೆಗೆ ಕಳಿಸಿತು. ಹೈಗೇಟಿನಲ್ಲಿ ಪಾಠ ಮಾಡಿದ್ದು ಮಾತ್ರ 1945ರ ತನಕ.

ಹಾಗಂತ ಸಂಬಳಕ್ಕೆ ಆಡಿದವರು ಸಣ್ಣವರಲ್ಲ. ಹಂಟ್ ಆಕ್ಸ್‌ಫರ್ಡಿನಲ್ಲಿ ಓದಿದವರು, ಕೈಯಲ್ಲಿ ಕೆಲಸವಿತ್ತು. ಗಣಿ, ಕಾರ್ಖಾನೆಗಳಿಂದ ಬಂದ ಹುಡುಗರಿಗೆ ಆ 4 ಪೌಂಡೇ ಅನ್ನ. ನಮ್ಮ ಮಕ್ಕಳಲ್ಲಿ ಯಾರಾದರೂ ಆಟದಿಂದ ನಾಲ್ಕು ಕಾಸು ಸಂಪಾದಿಸಿದರೆ ನಮಗೆ ಸಂತೋಷವೇ.

ಒಲಿಂಪಿಕ್ ಫೈನಲ್ ನಡೆದದ್ದು ಶನಿವಾರ ಎಂದಾಗ ಆರನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಸೋಮವಾರ ಅವರು ಹೋಂವರ್ಕ್ ನೋಡಿದ್ರಾ ಸರ್?"